ಗಾವಕರನ ಹೊಲದಲ್ಲಿ ಐದು ಕಲ್ಲು

೭ ಜನವರಿ ೨೦೦೮, ಸೋಮವಾರ

ಸೋಮವಾರದ ಉಪವಾಸ. ಚಹಾ ಬಿಟ್ಟರೆ ಸಂಜೆವರೆಗೆ ಏನೂ ಇಲ್ಲ. ಐದಕ್ಕೆ ಎದ್ದು ಕಸ, ಮುಸುರೆ, ನೀರು. ಎಣ್ಣೆ ಡಬ್ಬಿಯ ತುಳಸಿಗೆ ನೀರೆರೆದು, ವಿಭೂತಿ ಹಚ್ಚಿಕೊಂಡು ನೂರೆಂಟು ಸಲ ನಮಃ ಶಿವಾಯ. ಮನೆಯವರ ಕಾಲಿಗೆ ಎಣ್ಣೆ ತಿಕ್ಕಿದೆ. ಆಮೇಲೆ ಹೊಲ. ಮೆಣಸಿನ ಗಿಡ ಹೂ ಹಿಡಿದಿವೆ. ಅಳಸಂದಿಗೆ ಹೇನು ಬಿದ್ದಿದೆ, ಬೂದಿ ಎರಚಿ ಬಂದೆ.

ಈ ಡೈರಿ ಗುರುಲಿಂಗ ತಂದುಕೊಟ್ಟಿದ್ದು. ಮನೆಯವರ ಅಕ್ಕನ ಮಗ, ಮಡಗಾಂವದ ಮೋತಿ ಡೊಂಗರ್‌ನಲ್ಲಿ ಇರುತ್ತಾನೆ. "ದಿನಾ ಹೊಲದಾಗ ಏನೇನ್ ಮಾಡಿದ್ರಿ ಬರೀರಿ ಅತ್ತಿ, ಒಂದಿನಾನೂ ತಪ್ಪಸಬ್ಯಾಡ್ರಿ" ಅಂದ. ಐದನೇ ಇಯತ್ತೆ ಕಲಿತ ನನಗೆ ಬರೆಯುವ ಚಟ ಮೊದಲಿನಿಂದ ಇದ್ದದ್ದೇ. ಹೊಲದ್ದೇ ಯಾಕೆ ಬರೆಯಬೇಕು? ಕೇಳಲಿಲ್ಲ.

ನಾಳೆ ಎಳ್ಳ ಅಮಾಸಿ. ಮನೆಯವರು ಮಡಗಾಂವದ ಕಟ್ಟಡದಿಂದ ಬಿದ್ದು ಮಲಗಿದಾಗ ಹರಕೆ ಹೊತ್ತಿದ್ದೆ. ಕಾಲು ನೆಲಕ್ಕೆ ಊರಿದರೆ ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲುತ್ತೇನೆ ಅಂತ. ದೀಪಾವಳಿಗೆ ಕೋಲು ಹಿಡಿದು ನಡೆದರು. ಹರಕೆ ಇಟ್ಟುಕೊಂಡು ಕೂರಬಾರದು.

ಆದರೆ ಹೊಲ ನಮ್ಮದಲ್ಲ. ಶಾಬಾ ಗಾವಕರನದು. ನಾವು ಗೋವಾದ ಈ ಕೆಪೆ ಕಡೆ ಬಂದಾಗ ಮುಳ್ಳುಕಂಟಿ ಬೆಳೆದು ಪಡ ಬಿದ್ದಿತ್ತು. ಈ ಊರಲ್ಲಿ ಅರ್ಧ ಗದ್ದೆ ಹಾಗೇ ಬಿದ್ದಿವೆ. ಯಾರಿಗಾದರೂ ಉಳಲು ಕೊಟ್ಟರೆ ನಾಳೆ ಅವನೇ ಕುಳ, ಅಂದರೆ ಗೇಣಿದಾರ, ಎಂದು ಮಾಮಲೇದಾರ ಕಚೇರಿಯಲ್ಲಿ ಹೆಸರು ಹಚ್ಚುತ್ತಾನೆ, ಭೂಮಿ ಹೋಗುತ್ತದೆ. ಹಾಗಾಗಿ ಹುಲ್ಲು ಬೆಳೆದರೂ ಸರಿ, ಕೊಡುವುದಿಲ್ಲ. ನಾವು ಗಟ್ಟದ ಮೇಲಿನವರು, ಘಾಟಿ ಜನ, ಇವರಿಗೆ ಏನು ಗೊತ್ತಾಗುತ್ತದೆ ಅಂದುಕೊಂಡು ನಮಗೆ ಕೊಟ್ಟ. ಬಾಯಿಮಾತು. ಬೆಳೆದದ್ದರಲ್ಲಿ ಅರ್ಧ ಅವನಿಗೆ. ಪ್ರತಿ ವರ್ಷ ಚೌತಿ ಆದ ಮೇಲೆ ಒಂದು ಮರಾಠಿ ಕಾಗದಕ್ಕೆ ಸಹಿ. ನಾನು ಬರೀ ಕೂಲಿಯವಳು ಅಂತ ಅದರಲ್ಲಿ ಇದೆಯಂತೆ. ಗಿಡ ನೆಡಬಾರದು. ಗುಡಿಸಲಿಗೆ ತಗಡು ಹಾಕಬಾರದು. ತುಳಸಿ ಕೂಡ ನೆಲದಲ್ಲಿ ಬೇಡ, ಡಬ್ಬಿಯಲ್ಲಿರಲಿ ಅಂದಿದ್ದ. ಹನ್ನೊಂದು ವರ್ಷ ಹೀಗೇ ಕಳೆಯಿತು. ಇದು ಹನ್ನೆರಡನೆಯದು.

ಗಾವಕರನ ಹೆಂಡತಿ ಶೆವಂತಿಗೆ ಹೇಳಿ ಬಂದೆ. "ವೈನಿ, ನಾಳೆ ಹೊಲಕ್ಕ ನೈವೇದ್ಯ ಕೊಡ್ತೇವ್ರಿ."

"ಕೊಡು ಗೋ ಭಾಗವ್ವ. ದೇವರಿಗೆ ಕೊಡೂದಕ್ಕ ಯಾರು ಬ್ಯಾಡ ಅಂತಾರ?"

ನೈವೇದ್ಯ ಅಂತ ಮಾತ್ರ ಹೇಳಿದೆ. ಉಳಿದದ್ದು ಹೇಳಲಿಲ್ಲ.

೮ ಜನವರಿ, ಮಂಗಳವಾರ. ಸಂಜೆ

ಆಯಿತು. ಸಜ್ಜಿ ರೊಟ್ಟಿ, ಎಳ್ಳು ಹೋಳಿಗೆ, ಕಡಬು, ಬದನಿಕಾಯಿ ಎಣ್ಣೆಗಾಯಿ, ಪುಂಡಿ ಪಲ್ಯ. ಪುಂಡಿ ಇಲ್ಲಿ ಸಿಗದು, ಚಂಪಾಬಾಯಿ ಬಿಜಾಪುರದಿಂದ ಬಂದವರ ಕೈಯಲ್ಲಿ ತರಿಸಿಟ್ಟಿದ್ದಳು. ಪಕ್ಕದ ಗುಡಿಸಲಿನವಳು, ಲಂಬಾಣಿ. ಬಾಯಿ ಜೋರು, ಕೈ ಚಲೋ.

ಮೂಡಣ ಮೂಲೆಯಲ್ಲಿ ಐದು ಕಲ್ಲು ಸಾಲಾಗಿ ಇಟ್ಟೆ. ಸುಣ್ಣ ಬಳಿದು, ಅರಿಷಿಣ ಕುಂಕುಮ ಏರಿಸಿ, ಪಾಂಡವರು ಅಂತ ಕೈಮುಗಿದೆವು. ಆಮೇಲೆ ಬುಟ್ಟಿ ತಲೆ ಮೇಲೆ ಹೊತ್ತು, ಮನೆಯವರು ಕೋಲು ಊರುತ್ತ ಹಿಂದೆ, ನಾನು ಮುಂದೆ. ನಾಲ್ಕೂ ಬದುವಿನ ಮೇಲೆ ಸುತ್ತು ಹಾಕಿ, ಹುಲ್ಲುಲಿಗ್ಯೋ ಎಂದು ಕೂಗುತ್ತ ಚರಗ ಚೆಲ್ಲಿದೆವು. ಎಷ್ಟು ವರ್ಷ ಆಗಿತ್ತು ಆ ಕೂಗು ನನ್ನ ಬಾಯಿಂದ ಬಂದು! ಚಂಪಾಬಾಯಿ ನಕ್ಕೂ ನಕ್ಕೂ ಬದುವಿನ ಮೇಲೆ ಕೂತುಬಿಟ್ಟಳು. "ಭಾಗಕ್ಕಾ, ಗೋವಾದ ಭೂಮಿಗೆ ಕನ್ನಡ ತಿಳಿತೈತೇನ? ಕೊಂಕಣ್ಯಾಗ ಒದರು!"

ಗುರುಲಿಂಗನೂ ಬಂದಿದ್ದ. ಮೊಬೈಲ್‌ನಲ್ಲಿ ಫೋಟೋ ತೆಗೆದ. ನನ್ನದು ಒಂದು, ಕಲ್ಲಿನದು ಐದೋ ಆರೋ.

"ಕಲ್ಲಿನ ಫೋಟೋ ಯಾಕೋ?"

"ನೆನಪಿಗೆ ಅತ್ತಿ."

ನಾಲ್ಕನೇ ಬದುವಿಗೆ ಬಂದಾಗ ನೋಡಿದೆ. ದೂರದಲ್ಲಿ ಗಾವಕರ ನಿಂತಿದ್ದ. ಊಟಕ್ಕೆ ಬರ್ರಿ ಬಾಬ ಎಂದು ಕೂಗಿ ಕರೆದೆ. ಬರಲಿಲ್ಲ. ಸುತ್ತು ಮುಗಿಯುವ ತನಕ ನಿಂತೇ ಇದ್ದ.

೯ ಜನವರಿ, ಬುಧವಾರ

ಬೆಳಿಗ್ಗೆ ಹೋದರೆ ಗಾವಕರ ಕಲ್ಲಿನ ಹತ್ತಿರ ಇದ್ದಾನೆ. ಮೊದಲನೇ ಕಲ್ಲಿನಿಂದ ಬದುವಿಗೆ ಹೆಜ್ಜೆ ಅಳೆಯುತ್ತಿದ್ದ.

"ಹೆಂ ಕಿತೆಂ ಗೋ? ಈ ಕಲ್ಲು ಯಾರು ಹಾಕಿದ್ದು?"

"ನಾನ್ರಿ. ಪಾಂಡವರು. ನಮ್ಮ ಕಡಿ ಎಲ್ಲಾರೂ ಇಡ್ತಾರ."

"ಸುಣ್ಣ ಯಾಕೆ? ನಾಲ್ಕೂ ಕಡೆ ಸುತ್ತಿದ್ದು ಯಾಕೆ?"

"ಚರಗಾರೀ. ಭೂಮಿತಾಯಿಗೆ ಉಣಸೂದು."

"ಭೂಮಿ ಯಾರದು?"

ನಿಮ್ಮದು ಅಂದಿದ್ದರೆ ಮುಗಿಯುತ್ತಿತ್ತು. ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಆಗಿನಿಂದ ಯೋಚಿಸುತ್ತಿದ್ದೇನೆ.

ತೆಗೆದುಬಿಡು ಅಂದ. ಪೂಜೆ ಆದ ಕಲ್ಲು, ನಾನು ಕಿತ್ತೆಸೆಯಾಕ ಬರೂದಿಲ್ಲ, ಮಳೆಗಾಲದ ಬಿತ್ತಿಗೀತನಕ ಅಲ್ಲೇ ಇರಬೇಕು ಅಂದೆ. ತಾನೇ ಬಗ್ಗಿದ. ಕುಂಕುಮ ನೋಡಿ ಕೈ ಹಿಂದಕ್ಕೆ ತಗೊಂಡ. ಅವನಿಗೂ ಭಯ ಇದೆ. ಇಬ್ಬರೂ ನೋಡುತ್ತ ನಿಂತೆವು. ಯಾರೂ ಮುಟ್ಟಲಿಲ್ಲ.

೧೧ ಜನವರಿ, ಶುಕ್ರವಾರ

ನಿನ್ನೆ ಗುರುವಾರ, ನಮ್ಮ ನೀರಿನ ಪಾಳಿ. ಗಾವಕರನ ಪಂಪಿನ ಖೋಲಿಗೆ ಹೊಸ ಕೀಲಿ. ಇಷ್ಟು ವರ್ಷ ಬರೀ ತಂತಿ ಸುತ್ತಿ ಇಡುತ್ತಿದ್ದರು.

ಶೆವಂತಿಯನ್ನು ಕೇಳಿದೆ. ಮೋಟಾರು ಸುಟ್ಟಿದೆ ಅಂದಳು. ನನ್ನ ಮುಖ ನೋಡದೇ ಅಂದಳು, ಮೀನು ಹೆಚ್ಚುತ್ತಿದ್ದಳು.

ಮಧ್ಯಾಹ್ನ ಮಲಗಿದ್ದಾಗ ಮೋಟಾರಿನ ಸದ್ದು ಕೇಳಿತು. ಎದ್ದು ಹೋಗಿ ನೋಡಿದರೆ ಅವರ ತೆಂಗಿಗೆ ನೀರು ಹರಿಯುತ್ತಿದೆ. ಸುಟ್ಟ ಮೋಟಾರು!

೧೪ ಜನವರಿ, ಸೋಮವಾರ

ಉಪವಾಸ. ನಾಲಾದಿಂದ ಕೊಡದಲ್ಲಿ ನೀರು ಹೊತ್ತೆ. ಮೂವತ್ತೆರಡು ಕೊಡಕ್ಕೆ ಎರಡು ಸಾಲು ತೊಯ್ದವು. ಮೆಣಸಿನಕಾಯಿ ಹದಿನೆಂಟು ಸಾಲು ಇದೆ.

ಚಂಪಾಬಾಯಿ ಎರಡು ಕೊಡ ಹೊತ್ತಳು. ಮಾತು ಇಪ್ಪತ್ತು ಕೊಡದಷ್ಟು. "ಕಲ್ಲ ಇಟ್ರ ಹೊಲ ಬರೂದಿದ್ರ ನಾ ಗುಡ್ಡಾನ ಹೊತ್ಕೊಂಡು ಬರ್ತಿದ್ದೆ ನಮ್ಮ ತಾಂಡೇದಿಂದ!"

ನಕ್ಕೆ. ಆಮೇಲೆ ಅವಳೇ ದನಿ ಇಳಿಸಿ ಹೇಳಿದಳು. ಕೆಪೆ ಸಂತೆಯಲ್ಲಿ ಮಾತಾಡಾಕತ್ತಾರ, ಗಾವಕರನ ಹೊಲಕ್ಕ ಘಾಟಿಯವರು ಗಡಿಕಲ್ಲು ಹಾಕ್ಯಾರ ಅಂತ.

ನಿನಗ ಯಾರು ಹೇಳಿದ್ರು ಅಂದರೆ, ಯಾರೋ ಅಂದಳು. ಇವಳು ಮೊನ್ನೆ ಶೆವಂತಿಯ ಅಂಗಳ ಸೆಗಣಿ ಹಾಕಿ ಸಾರಿಸುತ್ತಿದ್ದಳು. ಕೂಲಿಗೋ ಸಲಿಗೆಗೋ ಗೊತ್ತಿಲ್ಲ. ಈ ಹೊಲ ನಮ್ಮ ಕೈ ಬಿಟ್ಟರೆ ಮುಂದೆ ಯಾರಿಗೆ ಕೊಡುತ್ತಾರೆ? ಇಂಥ ಯೋಚನೆ ಉಪವಾಸದ ದಿನ ಬರಬಾರದು. ಬಂತು.

೧೫ ಜನವರಿ, ಮಂಗಳವಾರ. ಸಂಕ್ರಾಂತಿ

ಎಳ್ಳು ಬೆಲ್ಲ ಕಟ್ಟಿಕೊಂಡು ಶೆವಂತಿಯ ಮನೆಗೆ ಹೋದೆ. ಪ್ರತಿ ವರ್ಷ ಒಳಗೆ ಕರೆದು ಪಾಟಿನ ಮೇಲೆ ಕೂರಿಸುತ್ತಿದ್ದಳು. ಈ ಸಲ ಅಂಗಳದಲ್ಲೇ ಕೈ ಚಾಚಿದಳು. ಎಳ್ಳು ತಗೊಂಡಳು, ಬಾಯಿಗೆ ಹಾಕಿಕೊಳ್ಳಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡಳು.

ಅವಳ ಕೊಂಕಣಿ, ನನ್ನ ಕನ್ನಡ, ನಡುವೆ ಹಿಂದಿ. ಹನ್ನೆರಡು ವರ್ಷದಲ್ಲಿ ನಮ್ಮಿಬ್ಬರಿಗೆ ಒಂದು ಭಾಷೆ ಆಗಿಬಿಟ್ಟಿದೆ.

"ಒಂದು ಮಾತು ಕೇಳ್ತೇನೆ ಭಾಗವ್ವ. ಹನ್ನೊಂದು ವರ್ಷ ಇಡದ ಕಲ್ಲು ಹನ್ನೆರಡನೇ ವರ್ಷಕ್ಕೇ ಯಾಕೆ ಇಟ್ಟೆ?"

"ಹರಕಿ ಇತ್ರೀ ವೈನಿ. ನಮ್ಮ ಮನಿಯವರ ಕಾಲಿಂದು."

"ಹನ್ನೆರಡು ವರ್ಷ ಆದರೆ ಉಳುವವನಿಗೆ ಹಕ್ಕು ಬರ್ತದೆ ಅಂತ ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ರೀ. ನೀವ ಈಗ ಹೇಳಿದ್ರಿ."

ಖರೇ ಮಾತು ಇದು. ಅವಳು ನಂಬಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ದಾರಿ ತುಂಬ ಒಂದೇ ಯೋಚನೆ. ಯಾರಿಗೂ ಗೊತ್ತಿಲ್ಲದ ಲೆಕ್ಕ ಗಾವಕರನಿಗೆ ಈಗ ಯಾಕೆ ನೆನಪಾಯಿತು? ಯಾರೋ ಹೋಗಿ ಹೇಳಿದ್ದಾರೆ. ಯಾರು?

೧೮ ಜನವರಿ, ಶುಕ್ರವಾರ

ಹಾಸಿಗೆ ಬಿಸಿಲಿಗೆ ಹಾಕಲು ಎತ್ತಿದೆ. ಮನೆಯವರ ತಲೆದಿಂಬಿನ ಕೆಳಗೆ ಒಂದು ಲಕೋಟೆ. ಒಳಗೆ ಐದು ಕಲ್ಲಿನ ಫೋಟೋ, ದೊಡ್ಡದು ಮಾಡಿಸಿದ್ದು. ಬುಟ್ಟಿ ಹೊತ್ತು ಬದುವಿನ ಮೇಲೆ ನಡೆಯುತ್ತಿರುವ ನಾನು. ಇಂಗ್ಲಿಷಿನಲ್ಲಿ ಟೈಪು ಮಾಡಿದ ಮೂರು ಹಾಳೆ. ಇಂಗ್ಲಿಷು ಬಾರದಿದ್ದರೂ ನನ್ನ ಸಹಿ ನನಗೆ ಗೊತ್ತಾಗುತ್ತದೆ. ಕಡೆಯ ಹಾಳೆಯಲ್ಲಿ ಭಾಗವ್ವ ಎಂದು ಇದೆ. ದೀಪಾವಳಿಯಲ್ಲಿ ಗುರುಲಿಂಗ "ರೇಶನ್ ಕಾರ್ಡಿಗೆ ಅತ್ತಿ" ಎಂದು ಹಾಕಿಸಿಕೊಂಡ ಸಹಿ.

ಹೊರಗೆ ಬಂದು ಕೇಳಿದೆ. "ಇದು ಏನ್ರಿ?"

ಮೊದಲು ಏನೂ ಇಲ್ಲ ಅಂದರು. ಆಮೇಲೆ ಕೋಲಿನಿಂದ ನೆಲ ಕೆರೆಯುತ್ತ ಹೇಳಿದರು. "ವಕೀಲ ಹೇಳ್ಯಾನ. ಹನ್ನೆರಡು ವರ್ಷ ಉಳುಮಿ ಮಾಡೇವಿ, ಅರ್ಧ ಪಾಲು ಕೊಟ್ಟೇವಿ, ಕುಳ ಅಂತ ಅರ್ಜಿ ಹಾಕಬಹುದು ಅಂತ. ಸಾಕ್ಷಿ ಬೇಕಂತ ಅಷ್ಟ."

"ಅಂದ್ರ ನನ್ನ ಪಾಂಡವರು ನಿಮಗ ಸಾಕ್ಷಿ?"

"ಏ ಭಾಗಾ, ನನ್ನ ಕಾಲು ನೋಡು. ನಾಳೆ ಆ ಗಾವಕರ ಏಳ್ರಿ ಅಂದ್ರ ಎಲ್ಲಿಗೆ ಹೋಗೂದು? ಮತ್ತ ಗಾರೆ ಹೊರತೀಯೇನ, ಈ ವಯಸ್ಸಿನ್ಯಾಗ?"

ಅವರು ಅಂದದ್ದೂ ಸುಳ್ಳಲ್ಲ. ಆದರೆ ಗಾವಕರನ ಸಂಶಯ ಹುಚ್ಚು ಅಂದುಕೊಂಡಿದ್ದೆನಲ್ಲ, ಆ ಸಂಶಯ ನನ್ನ ಹಾಸಿಗೆಯ ಕೆಳಗೇ ಇತ್ತು.

ಈ ಡೈರಿಯೂ ಅದಕ್ಕೇ. ದಿನಾ ಹೊಲದಾಗ ಏನ್ ಮಾಡಿದ್ರಿ ಬರೀರಿ… ಮುಂದೆ ಬರೆಯುವುದಿಲ್ಲ.

೨೯ ಜನವರಿ, ಮಂಗಳವಾರ

ಹನ್ನೊಂದು ದಿನ ಆಯಿತು. ಬರೆಯದೆ ಇರಲು ಆಗದು. ಆದರೆ ಇದನ್ನು ಗುರುಲಿಂಗನ ಕೈಗೆ ಕೊಡುವುದಿಲ್ಲ. ಜೋಳದ ಹಿಟ್ಟಿನ ಡಬ್ಬಿಯಲ್ಲಿ ಇಡುತ್ತೇನೆ.

ಆರು ಸಾಲು ಮೆಣಸಿನ ಗಿಡ ಒಣಗಿ ಹೋದವು. ಎಲೆ ಮುದುಡಿ ಕಡ್ಡಿ ಆಗಿವೆ. ಉಳಿದ ಹನ್ನೆರಡಕ್ಕೆ ಹೊತ್ತು ಹಾಕುತ್ತಿದ್ದೇನೆ. ಭುಜದ ಚರ್ಮ ಸುಲಿದಿದೆ. ಮನೆಯವರು ಸಣ್ಣ ಚರಿಗೆಯಲ್ಲಿ ಒಂದೊಂದು ಬುಡಕ್ಕೆ ನೀರು ಹಾಕುತ್ತಾರೆ, ಕುಂಟುತ್ತ. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ.

ಚಂಪಾಬಾಯಿ ಸುದ್ದಿ ತಂದಳು. ಗಾವಕರ ಊರ ಸಾತೇರಿ ಗುಡಿಯಲ್ಲಿ ಪ್ರಸಾದ ಕೇಳಿದನಂತೆ. ಹುತ್ತದ ತಾಯಿ ಅವಳು, ನಮ್ಮ ಯಲ್ಲವ್ವ ಇದ್ದ ಹಾಗೆ. ದೇವಿಯ ಮೈಗೆ ಹೂವಿನ ಎಸಳು ನೀರಲ್ಲಿ ಅಂಟಿಸಿ, ಭಾಗವ್ವನ ಮನಸ್ಸು ಶುದ್ಧ ಇದ್ದರೆ ಬಲಕ್ಕೆ ಬೀಳಲಿ, ಮೋಸ ಇದ್ದರೆ ಎಡಕ್ಕೆ ಬೀಳಲಿ ಎಂದು ಕೇಳಿದ್ದು.

"ಯಾವ ಕಡಿಗೆ ಬಿತ್ತು?"

"ಬೀಳ್ಲೇ ಇಲ್ಲ ಭಾಗಕ್ಕಾ. ಮಧ್ಯಾಹ್ನದತನಕ ಕುಂತಿದ್ರಂತ. ಪೂಜಾರಿಗೆ ಹಸಿವಿ ಆಗಿ ಎದ್ದು ಹೋದ."

ಅವಳಿಗೆ ನಗು. ನಾನು ಕೊಡ ಎತ್ತಿಕೊಂಡು ನಾಲಾದ ಕಡೆ ಹೊರಟೆ. ತಾಯಿಗೆ ಸಹ ಹೇಳಲು ಆಗಲಿಲ್ಲವೇ ನನ್ನ ಮನಸ್ಸಿನಲ್ಲಿ ಏನಿದೆ ಅಂತ?

೨ ಫೆಬ್ರವರಿ, ಶನಿವಾರ

ಶೆವಂತಿ ತಾನೇ ಬಂದಳು. ಹನ್ನೆರಡು ವರ್ಷದಲ್ಲಿ ನಮ್ಮ ಗುಡಿಸಲಿಗೆ ಮೊದಲ ಸಲ. ಕೂರು ಅಂದರೆ ಕೂರಲಿಲ್ಲ. ಹೊಲಕ್ಕೆ ಹೋಗೋಣ ಅಂದಳು. ಒಣಗಿದ ಸಾಲು ನೋಡಿ ಸೆರಗು ಬಾಯಿಗೆ ಹಿಡಿದಳು. ಅವಳೂ ಗದ್ದೆಯಲ್ಲಿ ಬೆಳೆದವಳೇ.

ಗಾವಕರನ ಮಾತು ತಂದಿದ್ದಳು. ಹುಣ್ಣಿಮೆ ದಿನ, ಫೆಬ್ರವರಿ ಇಪ್ಪತ್ತೊಂದಕ್ಕೆ, ನಾನು ಸಾತೇರಿ ಗುಡಿಗೆ ಬರಬೇಕು. ದೇವಿಯ ಮುಂದೆ ನೀರು ಹಿಡಿದು ಆಣೆ ಮಾಡಬೇಕು. ಎರಡು ಮಾತು. ಈ ಹೊಲ ಬೇಕು ಅಂತ ನನ್ನ ಮನಸ್ಸಿನಲ್ಲಿ ಯಾವತ್ತೂ ಬಂದಿಲ್ಲ. ಕೋರ್ಟಿಗೆ ಯಾವತ್ತೂ ಹೋಗುವುದಿಲ್ಲ. ಆಣೆ ಮಾಡಿದ ಕ್ಷಣ ಪಂಪಿನ ಕೀಲಿ ತೆಗೆಯುತ್ತಾರೆ. ಮಾಡದಿದ್ದರೆ ಈ ಬೆಳೆ ಆದ ಮೇಲೆ ಹೊಲ ಬಿಡಬೇಕು, ಗುಡಿಸಲೂ ಬಿಡಬೇಕು.

"ವರ್ಷ ವರ್ಷ ಕಾಗದಕ್ಕ ಸಹಿ ಮಾಡಿಸ್ಕೊಂಡೀರಲ್ರಿ. ಅದು ಸಾಲದ?"

"ಕಾಗದದ ಮೇಲೆ ನಮ್ಮವರಿಗೆ ನಂಬಿಕೆ ಇಲ್ಲ."

"ದೇವರ ಆಣಿ ಮ್ಯಾಲೆ ಐತೇನ?"

ಅವಳು ಬಗ್ಗಿದಳು. ಒಣಗಿದ ಒಂದು ಗಿಡ ಕಿತ್ತಳು, ಬೇರಿನ ಮಣ್ಣು ಉದುರಿಸಿದಳು. ಆಮೇಲೆ ಹೇಳಿದಳು. ಈ ಹೊಲ ಮೊದಲು ಅವರದ್ದಲ್ಲ, ಭಾಟಕಾರನದು, ಅಂದರೆ ಊರ ಜಮೀನುದಾರನದು. ಅವಳ ಮಾವ ಅದನ್ನು ಕುಳವಾಗಿ ಉಳುತ್ತಿದ್ದ. ಉಳುವವನಿಗೇ ಭೂಮಿ ಎಂದು ಕಾಯಿದೆ ಬರುತ್ತದೆ ಅಂದಾಗ ಭಾಟಕಾರ ಅವನನ್ನು ಇದೇ ಗುಡಿಗೆ ಕರೆದು ಆಣೆ ಮಾಡಿಸಿದ, ಹೆಸರು ಹಚ್ಚುವುದಿಲ್ಲ ಅಂತ. ಮಾವ ಆಣೆ ಮಾಡಿದ. ಮಾರನೇ ತಿಂಗಳೇ ಹೋಗಿ ಹೆಸರು ಹಚ್ಚಿದ. ಭೂಮಿ ಇವರ ಹೆಸರಿಗೆ ಬಂತು. ಮೂರು ವರ್ಷದಲ್ಲಿ ಮನೆಯ ಇಬ್ಬರು ಗಂಡುಮಕ್ಕಳು ಹೋದರು. ಶಾಬಾನ ತಮ್ಮಂದಿರು. ಒಬ್ಬ ಜ್ವರದಲ್ಲಿ, ಒಬ್ಬ ನದಿಯಲ್ಲಿ.

"ನಮ್ಮವರು ಕೆಟ್ಟವರಲ್ಲ ಗೋ. ಉಳುವವರ ಕೈಗೆ ಭೂಮಿ ಹೇಗೆ ಬರ್ತದೆ ಅಂತ ಮನೆಯಲ್ಲೇ ನೋಡಿದ್ದಾರೆ. ಅದಕ್ಕೇ ನಿನ್ನ ನೋಡಿದರೆ ಭಯ."

ಹೋಗುವಾಗ ಒಂದು ಮಾತು. "ಆಣೆ ಮುರಿದರೆ ಏನಾಗ್ತದೆ ಅಂತ ನಾನು ನಿನಗೆ ಹೇಳಿದ್ದು, ಅವರಿಗೆ ಗೊತ್ತಾಗಬಾರದು."

ಇದು ಕರುಣೆಯೋ, ನನ್ನನ್ನು ಹೆದರಿಸಲು ಗಂಡನೇ ಕಳಿಸಿದ್ದೋ? ಅವಳ ಕಣ್ಣಲ್ಲಿ ನೀರು ಇತ್ತು. ಕಣ್ಣೀರನ್ನೂ ತೂಗಿ ನೋಡುವ ಹಾಗೆ ಆಗಿದೆ ನನಗೆ.

೪ ಫೆಬ್ರವರಿ, ಸೋಮವಾರ

ಉಪವಾಸ. ಕೊಡ ಹೊರುವಾಗ ತಲೆ ತಿರುಗಿ ಕೂತೆ. ಮನೆಯವರು ಬೆಲ್ಲದ ನೀರು ತಂದರು. ಕುಡಿಯಲಿಲ್ಲ.

ಅಪ್ಪನ ನೆನಪು ಬರುತ್ತಿದೆ. ಬೈಲಹೊಂಗಲದ ಕಡೆ ನಮ್ಮ ಊರಲ್ಲಿ ಗೌಡರ ಹೊಲ ಪಾಲಿಗೆ ಮಾಡುತ್ತಿದ್ದ. ಎಳ್ಳ ಅಮಾಸಿಗೆ ಚರಗದ ಬುಟ್ಟಿ ನನ್ನ ತಲೆಯ ಮೇಲೇ. ನಮ್ಮ ಕಡೆಗೂ ಕಾಯಿದೆ ಬಂದಾಗ ಎಲ್ಲರೂ ಫಾರ್ಮ್ ತುಂಬಿದರು. ಅಪ್ಪ ತುಂಬಲಿಲ್ಲ. ಗೌಡರ ಮುಖ ನೋಡಿ ಹ್ಯಾಂಗ ತುಂಬಲಿ, ಅವರ ಮನಿ ಅನ್ನ ಉಂಡೇನಿ ಅಂದ. ಮುಂದಿನ ವರ್ಷ ಗೌಡರು ಹೊಲ ಬಿಡಿಸಿಕೊಂಡರು. ಇನ್ನು ಯಾರನ್ನೂ ನಂಬಾಕ ಆಗೂದಿಲ್ಲಪ್ಪ ಅಂದರಂತೆ, ಅಪ್ಪನಿಗೇ. ಫಾರ್ಮ್ ತುಂಬದವನಿಗೆ!

ಅಲ್ಲಿಂದ ಮುಂದೆ ಅಪ್ಪ ಬೇರೆಯವರ ಹೊಲದಲ್ಲಿ ಕಳೆ ಕಿತ್ತ. ಎಳ್ಳ ಅಮಾಸಿ ದಿನ ಮನೆ ಬಾಗಿಲು ಹಾಕಿಕೊಂಡು ಮಲಗುತ್ತಿದ್ದ. ಕೂಲಿಯವನಿಗೆ ಚರಗ ಇಲ್ಲ. ಯಾವ ಬದುವಿನ ಮೇಲೆ ಸುತ್ತುತ್ತಾನೆ?

ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ, ಶಿವನ ಮುಂದೆ ಕೂತು. ಅವತ್ತು ಬುಟ್ಟಿ ಹೊತ್ತು ನಾಲ್ಕನೇ ಬದುವಿಗೆ ತಿರುಗಿದಾಗ ನನ್ನ ಮನಸ್ಸಿನಲ್ಲಿ ಏನಿತ್ತು? ಹರಕೆ ಇತ್ತು, ಖರೇ. ಜೊತೆಗೆ ಇನ್ನೊಂದೂ ಇತ್ತು. ಇದು ನಂದು ಅನ್ನಿಸಿತ್ತು. ಕಂಟಿ ಕಡಿದವಳು ನಾನು. ಕಲ್ಲು ಆರಿಸಿದವಳು ನಾನು. ಕೂಗುವಾಗ ನನ್ನ ದನಿ ಕೂಲಿಯವಳ ದನಿ ಆಗಿರಲಿಲ್ಲ. ಗಾವಕರ ಅದನ್ನೇ ಕೇಳಿಸಿಕೊಂಡಿರಬೇಕು. ಅವನಿಗೆ ಪೂರ್ತಿ ಕನ್ನಡ ಬರದಿದ್ದರೇನು?

ಹಾಗಿದ್ದ ಮೇಲೆ ಆ ಮೊದಲನೇ ಮಾತು ನಾನು ಹ್ಯಾಗೆ ಆಣೆ ಮಾಡಲಿ?

೧೧ ಫೆಬ್ರವರಿ, ಸೋಮವಾರ

ಉಪವಾಸ. ನಿನ್ನೆ ಗುರುಲಿಂಗ ಬಂದಿದ್ದ. ಲಕೋಟೆಯ ಮಾತು ನಾನೇ ತೆಗೆದೆ. ನಾಚಿಕೆಯೇ ಇಲ್ಲ ಅವನಿಗೆ.

"ಅರ್ಜಿ ರೆಡಿ ಐತಿ ಅತ್ತಿ. ಮುಂದಿನ ಸೋಮವಾರ ಹಾಕಿಬಿಡೂಣು. ಕಾಯಿದೆ ಇರೋದ ನಮ್ಮಂಥವರಿಗೆ."

"ಗೆಲ್ತೇವೇನೋ?"

"ಕೇಸ್ ನಡಿತಾವ… ಹತ್ತು ವರ್ಷ, ಹದಿನೈದು. ನಡಿಯೂತನಕ ಎಬ್ಬಸಾಕ ಬರೂದಿಲ್ಲ. ಅಷ್ಟ ಸಾಕಲ್ಲ?"

"ಹದಿನೈದು ವರ್ಷ ನೀರು ಯಾರು ಬಿಡ್ತಾರೋ? ವಕೀಲ ಬಿಡ್ತಾನ?"

ಅವನು ಎದ್ದು ಹೊಲಕ್ಕೆ ಹೋದ. ಗಿಡ ನೋಡಿ ಬಂದ. ಆರು ಸಾಲಿನ 'ನಷ್ಟದ ಫೋಟೋ' ತೆಗೆದ.

ಹುಣ್ಣಿಮೆಯ ಆಣೆ ಬಗ್ಗೆ ಹೇಳಿದೆ. ಆಣೆ ಮಾಡಿದ್ರ ಕೇಸು ಸತ್ತಂಗ ಅಂತ ಅವನು ಗಾಬರಿಯಾದ. ಆಗ ಮನೆಯವರು ಬಾಯಿ ತೆರೆದರು.

"ಆಣಿ ಮಾಡಿ ಬಿಡು ಭಾಗಾ. ನೀರು ಬರ್ತೈತಿ. ಮೆಣಸಿನಕಾಯಿ ಕೈಗೆ ಹತ್ತತಾವ. ಆಮ್ಯಾಲೆ ಅರ್ಜಿ ಹಾಕೂಣು. ಗುಡ್ಯಾಗ ಮಾಡಿದ ಆಣಿ ಮಾಮಲೇದಾರಗ ಹ್ಯಾಂಗ ಗೊತ್ತಾಗ್ತೈತಿ?"

ಗುರುಲಿಂಗ ತೊಡೆ ತಟ್ಟಿದ. "ಮಾವ, ನೀ ವಕೀಲಾಗಬೇಕಾಗಿತ್ತು!"

ಇಬ್ಬರೂ ನಗುತ್ತಿದ್ದರು. ನಾನು ಮನೆಯವರ ಮುಖವನ್ನೇ ನೋಡಿದೆ. ಮೂವತ್ತೆರಡು ವರ್ಷ ಬಾಳ್ವೆ ಮಾಡಿದ ಮುಖ. ಶೆವಂತಿಯ ಮಾವನೂ ಇದೇ ಥರ ನಕ್ಕಿರಬೇಕು, ಗುಡಿಗೆ ಹೋಗುವ ಹಿಂದಿನ ದಿನ.

"ನಂಬೂದಿಲ್ಲ ಅಂತ ಗಾವಕರನ ಬೈತೀವಿ. ಅಂವ ನಂಬದ ಇರೋದ ಸರಿ ಐತಲ್ರೀ," ಅಂದೆ.

ಮನೆಯವರು ಕೋಲು ಒಗೆದರು. ನನಗೆ ತಾಗಲಿಲ್ಲ. ತಾಗಲಿ ಅಂತ ಒಗೆದದ್ದೂ ಅಲ್ಲ.

ಲಕೋಟೆ ಈಗ ಹಿಟ್ಟಿನ ಡಬ್ಬಿಯಲ್ಲಿ, ಈ ಡೈರಿಯ ಜೊತೆ. ಹರಿದು ಹಾಕಿಲ್ಲ. ಅದೂ ಯಾಕೆ ಅಂತ ನನಗೆ ಗೊತ್ತಿದೆ. ಮನಸ್ಸು ಇನ್ನೂ ಪೂರ್ತಿ ಬಿಟ್ಟಿಲ್ಲ.

೧೮ ಫೆಬ್ರವರಿ, ಸೋಮವಾರ

ಉಪವಾಸ. ಗುರುಲಿಂಗ ಇವತ್ತೂ ಬಂದು ಅರ್ಜಿ ಕೇಳಿದ. ಸಿಗಲಿಲ್ಲ ಅಂದೆ. ದೇವರು ಕ್ಷಮಿಸಲಿ.

ನಾಲಾ ಬತ್ತುತ್ತಿದೆ. ಕೊಡ ಮುಳುಗುವುದಿಲ್ಲ, ಚರಿಗೆಯಲ್ಲಿ ಗೋರಿ ತುಂಬಬೇಕು. ಒಂಬತ್ತು ಸಾಲು ಉಳಿದಿವೆ. ಕಾಯಿ ಬಿಟ್ಟಿವೆ, ಬೆರಳಿನಷ್ಟು. ಇನ್ನು ನಾಲ್ಕು ದಿನ ನೀರಿಲ್ಲದಿದ್ದರೆ ಉದುರುತ್ತವೆ.

೨೦ ಫೆಬ್ರವರಿ, ಬುಧವಾರ. ಮಧ್ಯಾಹ್ನ

ನಾಳೆ ಹುಣ್ಣಿಮೆ.

ಬೆಳಿಗ್ಗೆ ಮಿಂದು, ಮನೆಯವರನ್ನು ಎದುರಿಗೆ ಕೂರಿಸಿ ಹಿಟ್ಟಿನ ಡಬ್ಬಿಯಿಂದ ಲಕೋಟೆ ತೆಗೆದೆ. ಒಲೆಯಲ್ಲಿ ಬೆಂಕಿ ಇತ್ತು. ಇಂಗ್ಲಿಷು ಹಾಳೆ ಮೂರೂ ಅದಕ್ಕೆ ಹಾಕಿದೆ. ಫೋಟೋನೂ ಹಾಕಿದೆ. ಅದು ಬೇಗ ಉರಿಯಲಿಲ್ಲ, ಸುರುಳಿ ಸುತ್ತಿಕೊಂಡು ನಾತ ಬಂತು.

"ತಲಿ ಕೆಟ್ಟೈತಿ ನಿನಗ. ಇದ್ದ ಒಂದ ದಾರಿ ಸುಟ್ಟಿ" ಅಂದರು.

"ಹೌದ್ರಿ, ಸುಟ್ಟೆ. ಇನ್ನ ನಾ ಹೇಳೂದು ಕೇಳ್ರಿ."

ಆಮೇಲೆ ಚಂಪಾಬಾಯಿಯನ್ನು ಕರೆದೆ. ಶೆವಂತಿಗೆ ಕನ್ನಡ ಓದಲು ಬರುವುದಿಲ್ಲ, ನನಗೆ ಕೊಂಕಣಿ ಬರೆಯಲು ಬರುವುದಿಲ್ಲ. ಬಾಯಿಯಲ್ಲೇ ಕಳಿಸಬೇಕು. ಗಾವಕರನಿಗೆ ನೇರ ಬೇಡ, ಶೆವಂತಿಗೆ ಹೇಳು, ಅವಳು ಗಂಡನಿಗೆ ಹೇಳಲಿ ಅಂದೆ. ಮೂರು ಸಲ ಹೇಳಿಸಿ ಗಟ್ಟಿ ಮಾಡಿಸಿದೆ. ಇಲ್ಲಿಯೂ ಬರೆದಿಡುತ್ತೇನೆ, ನಾಳೆ ಯಾರಾದರೂ ಬೇರೆ ಹೇಳಿದರೆ ನನಗಾದರೂ ಗೊತ್ತಿರಲಿ:

ನಾಳೆ ಗುಡಿಗೆ ಬರ್ತೇನಿ. ಹೊಲ ಬೇಕಂತ ಮನಸಿನ್ಯಾಗ ಬಂದೇ ಇಲ್ಲ ಅಂತ ಆಣಿ ಮಾಡಾಂಗಿಲ್ಲ. ಬಂದಿತ್ತು. ಕಲ್ಲ ಇಟ್ಟಿದ್ದು ದೇವರಿಗೆ, ಆದ್ರ ಸುತ್ತ ಹಾಕುವಾಗ ಬಂದಿತ್ತು. ತಾಯಿ ಮುಂದ ಸುಳ್ಳ ಹೇಳಾಂಗಿಲ್ಲ. ನಮ್ಮ ಮನಿಯವರು ಅರ್ಜಿ ಬರಸಿದ್ರು, ಅದನ್ನ ಸುಟ್ಟೇನಿ. ಕೋರ್ಟಿಗೆ ಹೋಗಾಂಗಿಲ್ಲ ಅಂತ ನೀರು ಹಿಡಿದು ಆಣಿ ಮಾಡ್ತೇನಿ. ಸಾಯೂತನಕ ಮುರಿಯಾಂಗಿಲ್ಲ. ಆದ್ರ ಗಾವಕರೂ ನನ್ನ ಬಾಜೂ ನಿಂತು, ಅದ ನೀರಿನ್ಯಾಗ ಕೈ ಇಟ್ಟು ಆಣಿ ಮಾಡಬೇಕು: ನಮ್ಮಿಬ್ಬರ ಕೈಲೆ ಆಗೂತನಕ ನಮ್ಮನ್ನ ಈ ಹೊಲದಿಂದ ಎಬ್ಬಸಾಂಗಿಲ್ಲ, ನೀರು ಕಟ್ಟಾಂಗಿಲ್ಲ ಅಂತ. ಎರಡೂ ಆಣಿ ಕೂಡೇ ಆಗಬೇಕು. ಒಂದ ಆಣಿ ಆಗೂದಿದ್ರ ನಾ ಬರಾಂಗಿಲ್ಲ.

ಚಂಪಾಬಾಯಿ ಕೇಳಿ ಸ್ವಲ್ಪ ಹೊತ್ತು ನಗಲಿಲ್ಲ. "ಅಂವ ಆಣಿ ಮಾಡ್ತಾನಂತೀಯೇನ ಭಾಗಕ್ಕಾ?"

"ಮಾಡಿದ್ರ ಮುರಿಯಾಂಗಿಲ್ಲ ಅಂವ. ಅಷ್ಟ ನನಗ ಗೊತ್ತೈತಿ."

ಯಾಕೆ ಗೊತ್ತು ಅಂತ ಅವಳಿಗೆ ಹೇಳಲಿಲ್ಲ. ಶೆವಂತಿಯ ಮಾತು ನನ್ನಲ್ಲೇ ಇರಲಿ.

ಅವಳು ಹೊರಟು ಎರಡು ತಾಸಾಯಿತು. ಗಾವಕರನ ಮನೆ ಇಲ್ಲಿಂದ ಕೂಗಿದರೆ ಕೇಳುವಷ್ಟು ದೂರ. ಇಷ್ಟು ಹೊತ್ತು ಏನು ಮಾಡುತ್ತಿದ್ದಾಳೆ? ನನ್ನ ಮಾತನ್ನು ಅರ್ಧ ಬಿಟ್ಟು ಹೇಳಿದಳೋ, ಸುಟ್ಟದ್ದನ್ನು ಮಾತ್ರ ಹೇಳಿದಳೋ? ಸುಟ್ಟದ್ದಷ್ಟೇ ಗೊತ್ತಾದರೆ ಗಾವಕರ ಆಣೆ ಯಾಕೆ ಮಾಡುತ್ತಾನೆ? ನನ್ನ ಕೈಯಲ್ಲಿ ಇನ್ನು ಏನೂ ಇಲ್ಲವಲ್ಲ. ಆ ಹೊಲ ಅವಳಿಗೂ ಬೇಕಿರಬಹುದು… ಛೇ. ನನಗೆ ಪುಂಡಿಪಲ್ಯ ತರಿಸಿಕೊಟ್ಟವಳು.

ಪಂಪಿನ ಕಡೆ ಕಿವಿ ಇಟ್ಟು ಕೂತಿದ್ದೇನೆ. ಸದ್ದಿಲ್ಲ.

ಮನೆಯವರು ಬಾಗಿಲಲ್ಲಿ ಕೂತು ನೆಲ ನೋಡುತ್ತಿದ್ದಾರೆ. ಬೆಳಿಗ್ಗೆಯಿಂದ ಉಂಡಿಲ್ಲ, ನನ್ನ ಮೇಲಿನ ಸಿಟ್ಟಿಗೆ. ಕೋಲು ಅವರ ಕೈಗೆ ಕೊಟ್ಟೆ. ಸಿಟ್ಟು ಆಮ್ಯಾಲೆ ಮಾಡ್ರಿ, ಈಗ ಏಳ್ರಿ ಅಂದೆ. ಗಾವಕರನ ಅಂಗಳದತನಕ ಹೋಗ್ರಿ, ಒಳಗ ಹೋಗಬ್ಯಾಡ್ರಿ, ಚಂಪಾಬಾಯಿ ಬಾಯಿಂದ ಕೇಳಬ್ಯಾಡ್ರಿ, ಶೆವಂತಿ ವೈನೀನ ಹೊರಗ ಕರೀರಿ, ಆಕಿ ಏನಂದ್ಲೋ ಆಕಿ ಬಾಯಿಲೇ ಕೇಳ್ಕೊಂಡು ನನಗ ಆ ಉತ್ತರ ತಂದುಕೊಡ್ರಿ ಅಂದೆ. ಕೋಲು ಊರುತ್ತ ಹೊರಟರು; ಉತ್ತರ ಬಂದ ಮೇಲೆ ಬರೆಯುತ್ತೇನೆ.